ಹದಿಹರೆಯದವರು ನಾಯಕರನ್ನು ಅಳೆಯುವ ಬಗೆ

ರಾಜಕೀಯ ನಾಯಕರ ಬಗ್ಗೆ ಮಕ್ಕಳಲ್ಲಿ ಮೊದಲು ಮೂಡುವುದು ಭಾವನೆ. ತಿಳಿವಳಿಕೆ ಬರುವುದು ಆಮೇಲೆ. 1958ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದ ಶಾಲಾಮಕ್ಕಳನ್ನು ಪ್ರಶ್ನಿಸಿದ ರಾಜಕೀಯ ವಿಜ್ಞಾನಿ ಫ್ರೆಡ್ ಗ್ರೀನ್‌ಸ್ಟೈನ್ ಅವರಿಗೆ ಕಂಡದ್ದು ಇದೇ. ಅಧ್ಯಕ್ಷರ ಕೆಲಸವೇನೆಂದು ಸರಿಯಾಗಿ ಹೇಳಲಾರದ ಮಕ್ಕಳೂ ಅವರು ತುಂಬ ಒಳ್ಳೆಯವರೆಂದು ನಂಬಿದ್ದರು. ಆದರೆ ಈ ಭಕ್ತಿ ಹುಟ್ಟುಗುಣವಲ್ಲ. ಕೆಂಟಕಿಯ ಬಡ ಗುಡ್ಡಗಾಡಿನ ಮಕ್ಕಳಲ್ಲಿ ಅಂಥ ಮೆಚ್ಚುಗೆ ಇಲ್ಲವೆಂದು 1968ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷರ ಕೈವಾಡ ಬಯಲಾದಾಗಲಂತೂ ಪ್ರಾಥಮಿಕ ಶಾಲೆಯ ಮಕ್ಕಳೇ ಅಧ್ಯಕ್ಷರನ್ನು ಕೆಟ್ಟವರೆಂದರು. ದೊಡ್ಡವರ ಲೋಕದಲ್ಲಿ ನಡೆಯುವುದನ್ನು ಮಕ್ಕಳು ಗಮನಿಸುತ್ತಲೇ ಇರುತ್ತಾರೆ.

ಹದಿಹರೆಯದಲ್ಲಿ ಯೋಚನೆಯ ರೀತಿಯೇ ಬದಲಾಗುತ್ತದೆ. ಸಾವಿರ ಜನ ಪೆಸಿಫಿಕ್ ಸಾಗರದ ದ್ವೀಪವೊಂದಕ್ಕೆ ಹೋಗಿ ಹೊಸ ಸರ್ಕಾರ ಕಟ್ಟಿಕೊಳ್ಳಬೇಕು ಎಂಬ ಸನ್ನಿವೇಶವನ್ನು ಸಂಶೋಧಕರಾದ ಜೋಸೆಫ್ ಅಡೆಲ್ಸನ್ ಮತ್ತು ರಾಬರ್ಟ್ ಓನೀಲ್ 11, 13, 15 ಹಾಗೂ 18 ವರ್ಷದ 120 ಮಂದಿಯ ಮುಂದಿಟ್ಟರು. ಚಿಕ್ಕವರಿಗೆ ಸರ್ಕಾರವೆಂದರೆ ಆಜ್ಞೆ ಮಾಡುವ, ಶಿಕ್ಷಿಸುವ ವ್ಯಕ್ತಿಗಳು. ಹದಿನೈದರ ಹೊತ್ತಿಗೆ ಸಮುದಾಯ, ಹಕ್ಕು, ಕಾನೂನಿನ ಉದ್ದೇಶ ಇವೆಲ್ಲ ಮಾತಿನಲ್ಲಿ ಬರತೊಡಗಿದವು. ನಾಯಕನೂ ಅವನು ಕುಳಿತ ಹುದ್ದೆಯೂ ಬೇರೆ ಬೇರೆ ಎಂದು ಕಾಣಲು ಈ ಬೆಳವಣಿಗೆ ಬೇಕೇ ಬೇಕು. ಅದಿಲ್ಲದೆ ವಿಮರ್ಶೆ ಹುಟ್ಟದು.

ಮನೆಯ ಪ್ರಭಾವ ದೊಡ್ಡದು, ಆದರೆ ಜನ ಭಾವಿಸುವಷ್ಟಲ್ಲ. 1965ರಲ್ಲಿ ಸಂಶೋಧಕರಾದ ಕೆಂಟ್ ಜೆನ್ನಿಂಗ್ಸ್ ಮತ್ತು ರಿಚರ್ಡ್ ನೀಮಿ ಅಮೆರಿಕದ ಪ್ರೌಢಶಾಲೆಗಳ ಕೊನೆಯ ವರ್ಷದ 1,669 ವಿದ್ಯಾರ್ಥಿಗಳನ್ನೂ ಅವರ ತಂದೆತಾಯಿಯರನ್ನೂ ಸಂದರ್ಶಿಸಿದರು. ಪಕ್ಷನಿಷ್ಠೆಯಲ್ಲಿ ಎರಡು ತಲೆಮಾರುಗಳ ನಡುವೆ ಗಣನೀಯ ಹೊಂದಿಕೆ ಇತ್ತು. ಇತರ ಹಲವು ವಿಷಯಗಳಲ್ಲಿ ಅದು ಅಚ್ಚರಿಯಾಗುವಷ್ಟು ಕಡಿಮೆ. ರಾಜಕೀಯದ ಮಾತು ಹೆಚ್ಚಾಗಿ ನಡೆಯುವ ಮನೆಗಳಲ್ಲಿ ಹೋಲಿಕೆ ಬಲವಾಗಿರುತ್ತದೆ. ಹಾಗೆಂದು ಆ ಮಕ್ಕಳು ಜೀವನಪೂರ್ತಿ ಅಲ್ಲೇ ನಿಲ್ಲುವುದಿಲ್ಲ. ರಾಜಕೀಯದಲ್ಲಿ ಆಸಕ್ತಿ ಕುದುರಿದ್ದರಿಂದಲೇ, ಮನೆಬಿಟ್ಟು ಹೊಸ ವಾದಗಳಿಗೆ ಎದುರಾದಾಗ ಹೆತ್ತವರ ನಿಲುವಿನಿಂದ ದೂರ ಸರಿಯುವವರು ಅವರಲ್ಲೇ ಹೆಚ್ಚೆಂದು ಇತ್ತೀಚಿನ ಸಂಶೋಧನೆ ಹೇಳುತ್ತದೆ. ಮಗ ತಿರುಗಿ ಮಾತಾಡಿದನೆಂದು ನೊಂದುಕೊಳ್ಳುವ ತಂದೆತಾಯಿಯರು ಇದನ್ನು ತಿಳಿಯಬೇಕು.

ಗೆಳೆಯರು, ಶಾಲೆ, ಮೊಬೈಲ್‌ನಲ್ಲಿ ಬರುವ ವಿಡಿಯೊಗಳ ಪಾಲೂ ಇದೆ. ಆದರೆ ಅವಕ್ಕಿಂತ ಆಳವಾಗಿ ಅಚ್ಚೊತ್ತುವುದು ಆ ಕಾಲದ ಘಟನೆಗಳು. ಸಂಶೋಧಕರಾದ ಯಾಯಿರ್ ಗಿಟ್ಜಾ, ಆಂಡ್ರೂ ಗೆಲ್ಮನ್ ಮತ್ತು ಸಂಗಡಿಗರ ಲೆಕ್ಕದಲ್ಲಿ 14ರಿಂದ 24ರವರೆಗಿನ ವರ್ಷಗಳು ಅತಿ ಮುಖ್ಯ: ಹದಿನೆಂಟರಲ್ಲಿ ಕಂಡ ಘಟನೆಯ ಪರಿಣಾಮ ನಲವತ್ತರಲ್ಲಿ ಕಂಡದ್ದಕ್ಕಿಂತ ಸುಮಾರು ಮೂರು ಪಟ್ಟು. ಅಮೆರಿಕದ ಜನಪ್ರಿಯ ಅಧ್ಯಕ್ಷ ಐಸೆನ್‌ಹೋವರ್ ಆಳ್ವಿಕೆಯಲ್ಲಿ ಬೆಳೆದವರು ಮುಂದೆ ದಶಕಗಳ ಕಾಲ ಅವರ ರಿಪಬ್ಲಿಕನ್ ಪಕ್ಷದತ್ತ ಒಲವು ತೋರಿದರು.

ಹಾಗಾದರೆ ಹದಿಹರೆಯದವರು ಮತ ಹಾಕುವಷ್ಟು ಪ್ರಬುದ್ಧರೇ? ಭಾರತದಲ್ಲಿ ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಆಸ್ಟ್ರಿಯಾ 2007ರಲ್ಲಿ ಅದನ್ನು 16ಕ್ಕೆ ತಂದಿತು. ಅಲ್ಲಿನ ಹದಿನಾರು-ಹದಿನೇಳರ ಮತದಾರರು ತಮ್ಮ ನಿಲುವಿಗೆ ಹೊಂದುವ ಪಕ್ಷವನ್ನು ಆರಿಸುವುದರಲ್ಲಿ ದೊಡ್ಡವರಿಗಿಂತ ಹಿಂದೆ ಬಿದ್ದಿಲ್ಲವೆಂದು ಅಲ್ಲಿನ ಅಧ್ಯಯನ ತೋರಿಸಿದೆ.