ಎಣ್ಣೆ-ತುಪ್ಪದ ಊಟ: ತಡವಾಗಿ ಏರುವ ಸಕ್ಕರೆ

"ಹೋಳಿಗೆಗೆ ತುಪ್ಪ ಹಾಕಿಕೊಂಡು ತಿಂದರೆ ಸಕ್ಕರೆ ಏರುವುದಿಲ್ಲವಂತೆ, ಹೌದೇ?" ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮಧುಮೇಹಿಗಳು ಆಗಾಗ ಕೇಳುವ ಪ್ರಶ್ನೆ ಇದು. ಹಬ್ಬದೂಟ ಮಾಡಿ ಎರಡು ಗಂಟೆಗೆ ರಕ್ತ ಪರೀಕ್ಷಿಸಿದಾಗ ಸಕ್ಕರೆ ಹೆಚ್ಚೇನೂ ಇರಲಿಲ್ಲ ಎಂದು ಪುರಾವೆ ಕೊಡುವವರೂ ಇದ್ದಾರೆ. ಅವರು ಹೇಳುವುದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ಇಲ್ಲಿ ತಿಳಿಸುತ್ತೇವೆ.

ಅನ್ನ, ರೊಟ್ಟಿ, ತೆಳ್ಳೇವು, ಬೆಲ್ಲ ಇವುಗಳಲ್ಲಿರುವ ಪಿಷ್ಟ ಮತ್ತು ಸಕ್ಕರೆ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಜಿಡ್ಡು ಹೀಗೆ ನೇರವಾಗಿ ಸಕ್ಕರೆ ಏರಿಸುವುದಿಲ್ಲ. ಅದು ಸಣ್ಣ ಕರುಳನ್ನು ಮುಟ್ಟಿದಾಗ ಅಲ್ಲಿಂದ ಹೊರಡುವ ಹಾರ್ಮೋನುಗಳು ಜಠರದ ಕೆಲಸವನ್ನು ನಿಧಾನಗೊಳಿಸುತ್ತವೆ. ಆಹಾರ ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಇಳಿಯುತ್ತದೆ. ಸಾಮಾನ್ಯ ಊಟದ ನಂತರ ಒಂದು-ಒಂದೂವರೆ ಗಂಟೆಗೆ ತುದಿ ಮುಟ್ಟುವ ಸಕ್ಕರೆ, ಜಿಡ್ಡಿನ ಊಟದ ನಂತರ ಮೂರು, ನಾಲ್ಕು ಗಂಟೆಯ ಹೊತ್ತಿಗೂ ಏರುತ್ತಿರಬಹುದು. ಸೊಸೈಟಿ ಸಾಲದ ಕಂತು ಮುಂದೆ ಹೋದರೆ ಸಾಲ ತೀರಿದಂತಲ್ಲ, ಇದೂ ಹಾಗೆಯೇ.

ಇನ್ನೊಂದು ಪರಿಣಾಮವೂ ಇದೆ. ಜಿಡ್ಡು ಜೀರ್ಣವಾಗಿ ರಕ್ತದಲ್ಲಿ ಕೊಬ್ಬಿನ ಆಮ್ಲಗಳು ಹೆಚ್ಚಾದಾಗ ಇನ್ಸುಲಿನ್‌ನ ಪ್ರಭಾವ ಕೆಲವು ಗಂಟೆ ಕುಂದುತ್ತದೆ. ಯಕೃತ್ತು ಸಹ ಹೆಚ್ಚು ಗ್ಲೂಕೋಸನ್ನು ಹೊರಬಿಡುತ್ತದೆ. ರಾತ್ರಿ ಭಾರೀ ಊಟ ಮಾಡಿದವರಿಗೆ ಮರುದಿನ ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಕಂಡರೆ, ಅದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಅಮೆರಿಕದ ಬಾಸ್ಟನ್‌ನಲ್ಲಿರುವ ಜೋಸ್ಲಿನ್ ಮಧುಮೇಹ ಕೇಂದ್ರದ ವೈದ್ಯರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟೈಪ್ 1 ಮಧುಮೇಹವಿದ್ದ 7 ಜನರಿಗೆ ಒಂದು ರಾತ್ರಿ 10 ಗ್ರಾಂ, ಇನ್ನೊಂದು ರಾತ್ರಿ 60 ಗ್ರಾಂ ಕೊಬ್ಬಿನ ಊಟ ಕೊಟ್ಟರು. ಪಿಷ್ಟ ಮತ್ತು ಪ್ರೋಟೀನು ಎರಡರಲ್ಲೂ ಒಂದೇ ಪ್ರಮಾಣ. ಜಿಡ್ಡಿನ ಊಟದ ನಂತರ ಸರಾಸರಿ ಶೇಕಡಾ 42ರಷ್ಟು ಹೆಚ್ಚು ಇನ್ಸುಲಿನ್ ಬೇಕಾಯಿತು, ಆದರೂ ಸಕ್ಕರೆ ಹೆಚ್ಚೇ ಉಳಿಯಿತು. ಅಧ್ಯಯನ ಚಿಕ್ಕದು ನಿಜ. ನಂತರ ನಡೆದ ಇತರ ಪರೀಕ್ಷೆಗಳೂ ಇದನ್ನೇ ತೋರಿಸಿವೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಟೈಪ್ 2 ಮಧುಮೇಹ. ಅದರಲ್ಲಿ ದೇಹದ ಸ್ವಂತ ಇನ್ಸುಲಿನ್ ಇನ್ನೂ ಅಷ್ಟಿಷ್ಟು ಇರುವುದರಿಂದ ಈ ತಡವಾದ ಏರಿಕೆ ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರು ಗಮನಿಸಬೇಕಾದದ್ದು

ಮದುವೆ ಮನೆಗೆ ಹೊರಡುವಾಗ ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಂಡು ಬಸ್ಸು ಹತ್ತುವವರಿದ್ದಾರೆ. ಪಂಕ್ತಿ ಕೂಡುವುದು ತಡವಾಗುತ್ತದೆ. ಕೂತ ಮೇಲೆ ಕರಿದದ್ದು, ತುಪ್ಪದ್ದು ಹೆಚ್ಚಿದ್ದರೆ ಉಂಡ ಅನ್ನವೂ ನಿಧಾನವಾಗಿ ರಕ್ತ ಸೇರುತ್ತದೆ, ಇನ್ಸುಲಿನ್ ಮಾತ್ರ ಆಗಲೇ ಕೆಲಸ ಆರಂಭಿಸಿರುತ್ತದೆ. ಹೀಗಾಗಿ ಮೊದಲು ಸಕ್ಕರೆ ಕುಸಿದು, ಸಂಜೆಗೆ ವಿಪರೀತ ಏರಬಹುದು. ಇನ್ಸುಲಿನ್ ಜೊತೆಗೆ ಒಯ್ಯಿರಿ. ವೈದ್ಯರು ಹೇಳಿದ ಅಂತರದಲ್ಲಿ, ಊಟ ಖಚಿತವಾದ ಮೇಲೆಯೇ ತೆಗೆದುಕೊಳ್ಳಿ.

ಬೆವರು, ನಡುಕ, ಎದೆ ಬಡಿತ, ಕಣ್ಣು ಮಂಜಾಗುವುದು ಇವು ಸಕ್ಕರೆ ಕುಸಿದ ಲಕ್ಷಣಗಳು. ಆಗ ಮನೆಯವರು ಪ್ರೀತಿಯಿಂದ ಲಾಡು, ಹೋಳಿಗೆ, ಚಾಕಲೇಟು ಕೊಡುತ್ತಾರೆ. ಅವುಗಳಲ್ಲಿನ ಜಿಡ್ಡು ಸಕ್ಕರೆಯನ್ನು ತಡೆದು ನಿಲ್ಲಿಸುವುದರಿಂದ ಆ ಹೊತ್ತಿಗೆ ಅವು ಸರಿಯಲ್ಲ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿಗೆ ಕದಡಿ ಕುಡಿಸಿರಿ. ಏನೂ ಸಿಗದಿದ್ದರೆ ಜೋನಿಬೆಲ್ಲದ ನೀರಾದರೂ ಸರಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಅಷ್ಟೇ ಕೊಡಿ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ನುಂಗುವವರಿಗೆ ಗ್ಲೂಕೋಸ್ ಪುಡಿಯೇ ಆಗಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆತನ್ನಿ.

ಸಂಜೆ ಸಕ್ಕರೆ ಹೆಚ್ಚಾಯಿತೆಂದು ಸ್ವಂತ ಲೆಕ್ಕದಲ್ಲಿ ಇನ್ಸುಲಿನ್ ಏರಿಸಿಕೊಂಡು ಮಲಗುವುದೂ ಅಪಾಯಕಾರಿ.

ನಮ್ಮ ಅಡುಗೆಮನೆ

ಸಿಹಿಯಲ್ಲ ಎಂಬ ಧೈರ್ಯದಲ್ಲಿ ಹೆಚ್ಚು ತಿನ್ನುವ ಪದಾರ್ಥಗಳೇ ನಮ್ಮ ಕಡೆ ತೊಂದರೆ ಕೊಡುತ್ತವೆ. ಮಳೆಗಾಲದ ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಶಿರಸಿ ಮಾರಿಕಾಂಬಾ ಜಾತ್ರೆಯ ಮಿರ್ಚಿ ಭಜಿ ಎಲ್ಲದರಲ್ಲೂ ಪಿಷ್ಟ ಮತ್ತು ಎಣ್ಣೆ ಎರಡೂ ಇವೆ. ಕಜ್ಜಾಯದಲ್ಲಂತೂ ಬೆಲ್ಲವೂ ಸೇರಿದೆ. ಹಪ್ಪಳವನ್ನು ಕೆಂಡದ ಮೇಲೆ ಸುಟ್ಟು ಒಂದು ತಿಂದರೆ ಎಣ್ಣೆಯಾದರೂ ತಪ್ಪುತ್ತದೆ.

ತುಪ್ಪವನ್ನು ಪೂರ್ತಿ ಬಿಡಿ ಎಂದು ನಾವು ಹೇಳುವುದಿಲ್ಲ. ಬಿಸಿ ಅನ್ನಕ್ಕೆ ಒಂದು ಟೀ ಚಮಚ ಸಾಕು. ಅಷ್ಟಕ್ಕೇ ಸುಮಾರು 45 ಕ್ಯಾಲೊರಿ ಆಗುತ್ತದೆ. ಕೊಬ್ಬರಿ ಎಣ್ಣೆ ಹಗುರ, ಶೇಂಗಾ ಎಣ್ಣೆ ಭಾರ ಎಂಬ ಮಾತಿಗೆ ಆಧಾರವಿಲ್ಲ. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿಯೇ. ಹೃದಯದ ದೃಷ್ಟಿಯಿಂದ ಮಾತ್ರ ವ್ಯತ್ಯಾಸವಿದೆ: ತುಪ್ಪ ಮತ್ತು ಕೊಬ್ಬರಿ ಎಣ್ಣೆ ಕಡಿಮೆಯಿರಲಿ, ಶೇಂಗಾ, ಎಳ್ಳು, ತವುಡಿನ ಎಣ್ಣೆಗಳನ್ನು ಹಿತಮಿತವಾಗಿ ಬಳಸಿ. ಕರಿದು ಉಳಿದ ಎಣ್ಣೆಯಲ್ಲಿ ಪದೇ ಪದೇ ಕರಿಯಬೇಡಿ. ಜೋಳದ ರೊಟ್ಟಿ ಜೊತೆ ಎಣ್ಣೆ ತೇಲುವ ಎಣ್ಣೆಗಾಯಿಯ ಬದಲು ಸೊಪ್ಪಿನ ಪಲ್ಯ, ಸ್ವಲ್ಪ ಶೇಂಗಾ ಚಟ್ನಿ ಒಳ್ಳೆಯದು. ಕಾಯಿ ಕಡಿಮೆ ಹಾಕಿದ ಒಂದೆಲಗದ ತಂಬುಳಿಯೂ ಒಳ್ಳೆಯದು, ಅನ್ನದ ಪ್ರಮಾಣ ಮಾತ್ರ ಮಿತಿಯಲ್ಲಿರಲಿ.

ಎಲೆಗೆ ಬಡಿಸಿದ ಪ್ರಸಾದವನ್ನು ಬಿಡಬಾರದು ಎಂಬುದು ನಮ್ಮ ಸಂಪ್ರದಾಯ. ದಾಸೋಹದಲ್ಲಿ ಮಧುಮೇಹಿಗಳು ಮುಜುಗರದಿಂದ ಎಲ್ಲವನ್ನೂ ತಿಂದು ಏಳುತ್ತಾರೆ. ಬಡಿಸುವವರು ಹತ್ತಿರ ಬಂದಾಗಲೇ ಕೈ ಅಡ್ಡ ಹಿಡಿದು "ಸ್ವಲ್ಪ ಸಾಕ್ರೀ" ಎನ್ನಿ. ಇದರಿಂದ ಪ್ರಸಾದಕ್ಕೆ ಅಗೌರವವಾಗುವುದಿಲ್ಲ.

ಗ್ಲೂಕೋಮೀಟರ್ ಇದ್ದವರು ಹಬ್ಬದೂಟದ ದಿನ ಮೊದಲ ತುತ್ತಿನಿಂದ ಲೆಕ್ಕ ಹಾಕಿ ಎರಡು ಗಂಟೆಗೊಮ್ಮೆ, ನಾಲ್ಕು ಗಂಟೆಗೊಮ್ಮೆ, ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೊಮ್ಮೆ ಪರೀಕ್ಷಿಸಿ. ಸ್ಟ್ರಿಪ್ಪಿಗೆ ದುಡ್ಡು ಬೀಳುತ್ತದೆ, ದಿನವೂ ಹೀಗೆ ಮಾಡಬೇಕಿಲ್ಲ. ಅಂಕಿಯ ಪಕ್ಕದಲ್ಲಿ ಏನು ಉಂಡಿರೆಂದು ಬರೆದು, ಮುಂದಿನ ಸಲ ಬರುವಾಗ ಆ ಪುಸ್ತಕ ತನ್ನಿ. ಔಷಧಿಯ ಪ್ರಮಾಣ ಬದಲಿಸಬೇಕೋ, ತೆಗೆದುಕೊಳ್ಳುವ ಹೊತ್ತು ಬದಲಿಸಬೇಕೋ ಎಂಬುದನ್ನು ವೈದ್ಯರು ಅದನ್ನು ನೋಡಿ ತಿಳಿಸುತ್ತಾರೆ.