ಸಾಕವ್ವನ ಕೋಳಿ ಮತ್ತು ನಮ್ಮ ಹಣೆಬರಹ

ದೇವನೂರ ಮಹಾದೇವರ 'ಒಡಲಾಳ'ವನ್ನು ದಂಡಿಗನಹಳ್ಳಿ ಕಡೆಯ ನಮ್ಮ ಕೇರಿಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿದೆ. ಅರ್ಧಕ್ಕೆ ನಿಲ್ಲಿಸಿದಾಗ ನಮ್ಮಜ್ಜಿ ಕೇಳಿದ್ದು ಒಂದೇ ಮಾತು: "ಅವಳ ಕೋಳಿ ಸಿಕ್ತೇನ್ಲಾ ಮಗ?" ವಿಧಿ, ಕುತೂಹಲ, ಪರಿಸರ, ಸಂಕೇತ ಎಂದು ತರಗತಿಯಲ್ಲಿ ನಾವು ಬಿಡಿಸಿಡುವ ನಾಲ್ಕೂ ಈ ಪ್ರಶ್ನೆಯಲ್ಲಿ ಗಂಟು ಬಿದ್ದಿವೆ.

ಮೊದಲು ಕುತೂಹಲ. ಪತ್ತೇದಾರಿ ಕತೆ ಕಳ್ಳನನ್ನು ಬಚ್ಚಿಡುತ್ತದೆ. ಇಲ್ಲಿ ಹಾಗಿಲ್ಲ. ಸಾಹುಕಾರ ಎತ್ತಪ್ಪನ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ರಾತ್ರಿ ಕೂತು ತಿನ್ನುವುದನ್ನು ಓದುಗ ನೋಡಿಯೇ ಇರುತ್ತಾನೆ. ಪೊಲೀಸರು ಬಂದಾಗ "ಯಾರು ಕದ್ದರು" ಅನ್ನೋದಲ್ಲ, "ಸಿಕ್ಕಿಬೀಳ್ತಾರಾ" ಅನ್ನೋದು ಎದೆ ಹಿಂಡುತ್ತದೆ. ಅಷ್ಟರಲ್ಲಿ ನಮಗೇ ಗೊತ್ತಿಲ್ಲದೆ ನಾವು ಸಾಕವ್ವನ ಮನೆಯ ಕಡೆ ನಿಂತಿರುತ್ತೇವೆ. ಇದು ಬರೀ ತಂತ್ರವಲ್ಲ, ಕತೆಗಾರ ಹಿಡಿದ ಪಕ್ಷ.

ಪರಿಸರ ಅಂದರೆ ಗಿಡಮರದ ವರ್ಣನೆಯಲ್ಲ. ನಂಜನಗೂಡು ಸೀಮೆಯ ಆಡುಮಾತೇ ಈ ಕತೆಯ ಪರಿಸರ. ನಮ್ಮ ಹಾಸನ ಸೀಮೆಯ ಮಾತು ಬೇರೆ. ಆದರೂ ಅಜ್ಜಿ ಒಂದು ಪದಕ್ಕೂ ಅರ್ಥ ಕೇಳಲಿಲ್ಲ.

ಇನ್ನು ಸಂಕೇತ. ಕೋಳಿ ಬದುಕು, ಮನೆಯ ಹುಡುಗಿ ಗೋಡೆಗೆ ಬರೆಯುವ ನವಿಲು ಕನಸು ಎಂದು ಗೈಡಿನಂತೆ ಬರೆದರೆ ಕತೆ ಸಾಯುತ್ತದೆ. ಕೋಳಿ ಮೊದಲು ಕೋಳಿಯೇ: ಹಬ್ಬಕ್ಕೆ, ಹರಕೆಗೆ, ಕೈಗಾಸಿಗೆ ಒದಗುವ ಬಡವರ ಆಸ್ತಿ. ಅದು ಕಳೆದುಹೋದದ್ದರ ನೋವು ತಿಳಿದವರಿಗೆ ಮಾತ್ರ ಅದು ಸಂಕೇತವೂ ಆದೀತು. ಹೊಟ್ಟೆಗಿಲ್ಲದ ಮನೆಯ ಗೋಡೆಯಲ್ಲಿ ನವಿಲು ಮೂಡುತ್ತದೆ ಅನ್ನುವುದನ್ನೂ ಮೊದಲು ಹಾಗೇ, ಒಂದು ಸಂಗತಿಯಾಗಿ ನೋಡಬೇಕು.

ಕೊನೆಗೆ ವಿಧಿ. ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ (1933) ಬೇಸಾಯದ ಆಸೆ ಕೈಗೂಡದೆ ಚೋಮ ಸಾಯುತ್ತಾನೆ. ಅಲ್ಲಿನ ಕಾರುಣ್ಯ ದೊಡ್ಡದು, ಆದರೆ ದಾರಿ ಮುಚ್ಚಿದೆ. 'ಒಡಲಾಳ'ದಲ್ಲಿ ಕೇಡು ಹಣೆಯಿಂದ ಇಳಿದು ಬರುವುದಿಲ್ಲ. ಸಾಹುಕಾರನ ಕಡೆಯಿಂದ, ಪೊಲೀಸರ ಬೂಟಿನ ಜೊತೆ ಬಾಗಿಲಿಗೆ ಬರುತ್ತದೆ. ಬರೆದವರು ಯಾರೆಂದು ಗೊತ್ತಾದ ಮೇಲೆ ಅದನ್ನು ಹಣೆಬರಹ ಅನ್ನಲಾಗುವುದಿಲ್ಲ. ಸಾಕವ್ವ ಕೋಳಿ ಹುಡುಕುತ್ತಾಳೆ. ಹುಡುಕುವವಳು ವಿಧಿಗೆ ಒಪ್ಪಿಕೊಂಡವಳಲ್ಲ. ದಲಿತ ವಿಮರ್ಶೆ ಮಾಡಬೇಕಾದದ್ದೂ ಇಷ್ಟೇ: ವಿಧಿ ಅಂತ ಬರೆದ ಕಡೆಯೆಲ್ಲ ಯಾರ ಕೈಬರಹ ಅಂತ ಕೇಳುವುದು.

ಓದಿ ಮುಗಿಸಿದಾಗ ಅಜ್ಜಿ ಅಂದಳು: "ಕಡ್ಲೆಕಾಯಿ ತಿಂದೋರ್ನ ಹುಡುಕ್ಕಂಡು ಬತ್ತಾರೆ. ಕೋಳಿ ಹುಡ್ಕಕ್ಕೆ ಯಾವ ಪೋಲೀಸ್ನೋನೂ ಬರ್ನಿಲ್ವಲ್ಲಾ."