ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮನೆಯಲ್ಲೇ ಇಳಿಸ್ತೀರಾ?

ಕೊಯಮತ್ತೂರಿನಿಂದ ಅವಿನಾಶಿ ಕಡೆಗೆ 544ನೇ ಹೆದ್ದಾರಿ ಹಿಡಿದರೆ ಕರುಮತ್ತಂಪಟ್ಟಿ. ವಿದ್ಯುತ್ ಮಗ್ಗಗಳ ಸೀಮೆ. ಕನ್ನಡ ಮಾತಾಡುವ ನೇಕಾರ ದೇವಾಂಗರ ಮನೆಗಳಿರುವ ಜಿಲ್ಲೆ. ಮಗ್ಗದ ಶೆಡ್ಡಿನಲ್ಲಿ ಚೈನ್ ಪುಲ್ಲಿ ಕಟ್ಟಿ ಕಾರಿನ ಗೇರ್‌ಬಾಕ್ಸ್ ನಾವೇ ಬದಲಿಸಿಬಿಡೋಣವಾ?

ತಡೀರಿ. ನಿಮ್ಮದು ಯಾವ ಆಟೊಮ್ಯಾಟಿಕ್?

2014ರಲ್ಲಿ ಮಾರುತಿ ಸೆಲೆರಿಯೊ ತಂದಂಥ ಎಎಂಟಿ ಆದರೆ, ಒಳಗಿರುವುದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ನಿಮ್ಮ ಕೈಕಾಲಿನ ಕೆಲಸವನ್ನು ಆಕ್ಚುಯೇಟರ್ ಮಾಡುತ್ತದೆ, ಅಷ್ಟೇ. ಮೊದಲು ಆ ಆಕ್ಚುಯೇಟರನ್ನು ನೋಡಿಸಿ.

ಟಾರ್ಕ್ ಕನ್ವರ್ಟರ್ ಇದ್ದರೆ ಕಥೆಯೇ ಬೇರೆ. ಬ್ಯಾಟರಿ ಕಳಚಿ. ಗಾಡಿ ಸ್ಟ್ಯಾಂಡ್ ಮೇಲೆ ನಿಲ್ಲಲಿ. ಬರೀ ಜಾಕ್ ನಂಬಿ ಅಡಿಗೆ ನುಸುಳಬೇಡಿ. ಇಂಜಿನ್ನಿಗೂ ಆಸರೆ ಕೊಡಿ.

ಬಿಚ್ಚೋದು ಯಾರಾದರೂ ಬಿಚ್ಚುತ್ತಾರೆ. ಎಡವುವುದು ಜೋಡಿಸುವಾಗ. ಕನ್ವರ್ಟರನ್ನು ಒಳಕ್ಕೆ ಒತ್ತುತ್ತಾ ನಿಧಾನ ತಿರುಗಿಸಿ. ಟಕ್. ಇನ್ನೂ ತಿರುಗಿಸಿ. ಮತ್ತೆ ಟಕ್. ಗೇರ್‌ಬಾಕ್ಸಿನೊಳಗಿನ ಎಣ್ಣೆ ಪಂಪಿನ ಕಚ್ಚಿಗೆ ಪೂರ್ತಿ ಕೂರಬೇಕು. ಗೇರ್‌ಬಾಕ್ಸು ಇಂಜಿನ್ನಿಗೆ ಕೈಯಲ್ಲೇ ಹೋಗಿ ಸೇರಬೇಕು. ಸಂದು ಉಳಿದಿದ್ದರೂ ಬೋಲ್ಟ್ ಬಿಗಿದು ಎಳೆದಿರೋ, ಪಂಪು ಮುರಿಯಿತು ಅಂತಲೇ ಲೆಕ್ಕ.

ಕೂಲರ್ ಪೈಪು ತೊಳೆಯಿರಿ, ಹಳೇ ಗೇರ್‌ಬಾಕ್ಸಿನ ಲೋಹದ ಪುಡಿ ಅಲ್ಲಿ ಅಡಗಿರುತ್ತದೆ. ಎಣ್ಣೆ ಕಂಪನಿ ಹೇಳಿದ್ದೇ ಆಗಬೇಕು. ಮಟ್ಟ ನೋಡುವುದೂ ಅವರು ಹೇಳಿದಷ್ಟು ಬಿಸಿಯಲ್ಲೇ.

ಹೊಸ ಗೇರ್‌ಬಾಕ್ಸನ್ನು ಗಾಡಿಯ ಕಂಪ್ಯೂಟರಿಗೆ ಪರಿಚಯಿಸಲು ಬಹಳಷ್ಟು ಗಾಡಿಗಳಿಗೆ ಸ್ಕ್ಯಾನರ್ ಬೇಕು. ಅದನ್ನು ತಂದು ಮಾಡಿಕೊಡುವ ಮೆಕ್ಯಾನಿಕ್ ಸಿಗುತ್ತಾರಾ ಅಂತ, ಮೊದಲ ಬೋಲ್ಟ್ ಬಿಚ್ಚುವ ಮುಂಚೆಯೇ ಕೇಳಿಟ್ಟುಕೊಳ್ಳಿ.